ಸತ್ತ ಮೇಲೆ ಒಂದು ನಗು

"ಮೆಟ್ಟಿಲಿನ ಚಿತ್ರ ಬೇಡ ಅಂದೆನಲ್ಲ, ಮತ್ಯಾಕೆ ಆ ರೀಲಿನ ಡಬ್ಬಿ ತೆಗೆದೆ?"

ಅವಳು ಬೆಚ್ಚಿಬಿದ್ದಳು. ಎಡಿಟಿಂಗ್ ರೂಮಿನ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ಬಂದ ಸದ್ದೇ ಆಗಿರಲಿಲ್ಲ.

"ಅದ್ರಲ್ಲಿ ಅಪ್ಪ ಇದಾರಲ್ಲ ದೊಡ್ಡಪ್ಪ..."

"ಸಂಜೆ ಜನ ಬರೋದು ನನ್ನ ಸನ್ಮಾನಕ್ಕೆ, ನಿಮ್ಮಪ್ಪನ ಬೆನ್ನು ನೋಡೋಕಲ್ಲ." ತಕ್ಷಣ ದನಿ ತಗ್ಗಿಸಿದರು. "ನಿಮ್ಮಮ್ಮನೂ ಬರ್ತಾಳಲ್ಲಮ್ಮ. ಅವಳಿಗೆ ಕರುಳು ಕಿತ್ತು ಬರಲ್ವಾ?"

ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಹೋದರು.

ದೊಡ್ಡಪ್ಪ ಎಂದು ಕರೆದರೂ ರಕ್ತಸಂಬಂಧವೇನೂ ಇರಲಿಲ್ಲ. ಅಪ್ಪ ಅವರಿಗೆ ಡೂಪ್. ನಲವತ್ತು ವರ್ಷಗಳಲ್ಲಿ ತೆರೆಯ ಮೇಲೆ ದೊಡ್ಡಪ್ಪ ನ್ಯಾಯಾಧೀಶರಾದರು, ಕಳ್ಳರಾದರು, ವೈದ್ಯ, ಕುರುಡ, ಕೊಲೆಗಾರ ಎಲ್ಲ ಆದರು. ಅಪ್ಪ ಇರುವವರೆಗೆ, ಬೀಳುವುದು, ಉರುಳುವುದು ಬಂದಾಗ ಮಾತ್ರ ಅದೇ ಕೋಟು ತೊಟ್ಟು ಅಪ್ಪ ಬರುತ್ತಿದ್ದ. ಪೆಟ್ಟು ಅಪ್ಪನಿಗೆ, ಚಪ್ಪಾಳೆ ಅವರಿಗೆ.

ಕೊನೆಗೂ ಅಪ್ಪನಿಗೆ ಮುಖ ತೋರಿಸುವ ಪಾತ್ರವೊಂದು ಸಿಕ್ಕಿತ್ತು. ಅಷ್ಟರಲ್ಲಿ ದೊಡ್ಡಪ್ಪನ ಚಿತ್ರವೊಂದಕ್ಕಾಗಿ ಮೆಟ್ಟಿಲಿನಿಂದ ಬಿದ್ದವನು ಏಳಲಿಲ್ಲ. ಆ ಪಾತ್ರ ದೊಡ್ಡಪ್ಪನಿಗೆ ಹೋಯಿತು, ಪ್ರಶಸ್ತಿಯೂ ಬಂತು. "ಬಿದ್ದ ಕ್ಷಣವೇ ಹೋದ, ನೋವೇ ಗೊತ್ತಾಗ್ಲಿಲ್ಲ" ಎಂದು ಅವರು ಹೇಳಿದ ಮಾತನ್ನೇ ನೆಚ್ಚಿ ಅಮ್ಮ ಇಷ್ಟು ವರ್ಷ ಬದುಕಿದ್ದಳು. ಮಗಳನ್ನು ಓದಿಸಿದವರೂ, ಈ ಕೆಲಸ ಕೊಡಿಸಿದವರೂ ಅವರೇ.

ಅಪ್ಪನದು ಒಂದೇ ಒಂದು ತುಣುಕು ಸಂಜೆ ತೋರಿಸಲು ತಾನು ಜೋಡಿಸುತ್ತಿದ್ದ ಸನ್ಮಾನದ ಚಿತ್ರದಲ್ಲಿರಲಿ ಎಂಬುದಷ್ಟೇ ಅವಳ ಆಸೆ. ಅಪ್ಪನ ಒಂದು ಆಟ ಅವಳಿಗಿನ್ನೂ ನೆನಪಿತ್ತು. ಮಂಚದಿಂದ ಉರುಳಿ ಸತ್ತಂತೆ ಬಿದ್ದಿರುತ್ತಿದ್ದ. ಅವಳು ಅತ್ತರೆ ಒಂದು ಕಣ್ಣು ತೆರೆಯುತ್ತಿದ್ದ. "ಅಳಬೇಡ ಪುಟ್ಟಿ. ಅಂಗೈಲಿ ನೆಲಾನ ಎರಡು ಸಲ ಬಡಿದ್ರೆ ಮಾತ್ರ ನಿಜವಾದ ಪೆಟ್ಟು. ನಂಗೂ ದೊಡ್ಡಪ್ಪಂಗೂ ಅದೇ ಸನ್ನೆ."

ಮೇಜಿನ ಮೇಲೆ ಇನ್ನೊಂದು ಪೆಟ್ಟಿಗೆ ಉಳಿದಿತ್ತು. ಸಾಯುವ ದೃಶ್ಯ ಮುಗಿದ ಕೂಡಲೇ ನಟ ಎದ್ದು ಕ್ಯಾಮೆರಾ ನೋಡಿ ನಗಬೇಕು, ಇಲ್ಲದಿದ್ದರೆ ಅಪಶಕುನ ಎಂಬುದು ಸಿನಿಮಾದವರ ನಂಬಿಕೆ. ಕತ್ತರಿಸಿದ ಆ ನಗುಗಳನ್ನು ಹಳೆಯ ಎಡಿಟರ್ ಎಸೆಯದೆ ಕೂಡಿಟ್ಟಿದ್ದರು. ದೊಡ್ಡಪ್ಪನಿಗೆ ಇದು ಗೊತ್ತಿರಲಿಲ್ಲ.

ಅವಳು ಯಂತ್ರಕ್ಕೆ ಸುರುಳಿ ಹಾಕಿದಳು. ಗಲ್ಲಿಗೇರಿದ ಕಳ್ಳ ನಕ್ಕ. ವಿಷ ಕುಡಿದ ನ್ಯಾಯಾಧೀಶ ನಕ್ಕ. ಅವಳಿಗೂ ನಗು ಬಂತು.

ಕೊನೆಯದು ಮೆಟ್ಟಿಲಿನ ತುಣುಕು. ಹಣೆಗೆ ಕೆಂಪು ಬಣ್ಣ ಬಳಿದುಕೊಂಡ ದೊಡ್ಡಪ್ಪ ಎದ್ದು ಕುಳಿತರು. ಅವರ ಹಿಂದೆ, ಗೋಡೆಯ ಬದಿಯಲ್ಲಿ, ಅದೇ ಕೋಟಿನವನೊಬ್ಬ ಬೋರಲು ಬಿದ್ದಿದ್ದ.

ಅಪ್ಪ! ಸಿಕ್ಕೇಬಿಟ್ಟ. ಮಂಚದಿಂದ ಉರುಳಿದಾಗಿನಂತೆಯೇ ಸತ್ತ ಹಾಗೆ ನಟಿಸುತ್ತಿದ್ದಾನೆ. ಸಂಜೆ ಅಮ್ಮ ನೋಡಬಹುದು. ಅವಳ ಕಣ್ಣು ತುಂಬಿ ಬಂತು.

ಆಗ ಅಪ್ಪನ ಕೈ ಮೆಲ್ಲಗೆ ಮೇಲೆದ್ದಿತು. ಅಂಗೈ ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಬಡಿಯಿತು.

ದೊಡ್ಡಪ್ಪ ತಿರುಗಿ ಆ ಕೈಯನ್ನು ನೋಡಿದರು, ಮತ್ತೆ ಕ್ಯಾಮೆರಾದತ್ತ ಮುಖ ಮಾಡಿ ಬಾಯ್ತುಂಬ ನಕ್ಕರು.