ಕೆಂಪು ಚುಕ್ಕೆ

ಪೊಲೀಸ್ ಗುರಿಕಾರನ ಬಂದೂಕಿನ ಸ್ಕೋಪಿನಲ್ಲಿ ಬ್ಯಾಟರಿ ಇರಲಿಲ್ಲ.

ವಿಚಾರಣೆಯ ದಿನ ಅಧಿಕಾರಿ ಅದರ ಪಕ್ಕದ ಮುಚ್ಚಳ ತಿರುಗಿಸಿ ತೆಗೆದು ಎಲ್ಲರಿಗೂ ತೋರಿಸಿದ. ಖಾಲಿ. ಘಟನೆಯ ದಿನ ಔಷಧಿ ಅಂಗಡಿಯೊಳಗೆ ಮಬ್ಬು, ಚಾಕು ಹಿಡಿದವನ ಅಂಗಿ ಕಪ್ಪು. ಬ್ಯಾಟರಿಯಿಂದ ನಡುವಿನ ಕೆಂಪು ಚುಕ್ಕೆ ಹೊತ್ತದಿದ್ದರೆ ಸ್ಕೋಪಿನ ಕಪ್ಪು ಗುರಿಗೆರೆಗಳು ಅಂಥ ಕಡೆ ಕಾಣುವುದಿಲ್ಲ. ಎದುರಿನ ಮಾಳಿಗೆಯಲ್ಲಿದ್ದ ಗುರಿಕಾರ ಗುಂಡು ಹಾರಿಸಲಿಲ್ಲ. ಒತ್ತೆಯಾಗಿದ್ದ ಅಂಗಡಿಯ ಹುಡುಗಿ ಸತ್ತಳು.

"ತಗೊಂಡು ಹೋಗೋವಾಗ ನೀನು ನೋಡ್ಲಿಲ್ವಾ?" ಎಂದು ಅಧಿಕಾರಿ ಕೇಳಿದ.

"ನೋಡೋಕೆ ಹೊತ್ತಿರ್ಲಿಲ್ಲ ಸಾರ್," ಎಂದ ಗುರಿಕಾರ.

"ಬ್ಯಾಟರಿ ಹಾಕೋದು ಯಾರ ಕೆಲಸ?"

"ನಂದು ಸಾರ್," ಎಂದ ಪೊಲೀಸ್ ಆಯುಧಾಗಾರದ ಮೆಕ್ಯಾನಿಕ್.

ಪ್ರತಿ ಶನಿವಾರ ಅವನು ಹದಿನಾಲ್ಕು ಸ್ಕೋಪುಗಳ ಬ್ಯಾಟರಿ ತೆಗೆಯುತ್ತಿದ್ದ, ಸೋರಿ ಒಳಗೆಲ್ಲ ಹಾಳಾಗಬಾರದೆಂದು. ಸೋಮವಾರ ಬೆಳಿಗ್ಗೆ ಮತ್ತೆ ಹಾಕುತ್ತಿದ್ದ. ಹತ್ತೊಂಬತ್ತು ವರ್ಷ. ಕೈಗೆ ರೂಢಿಯಾದ ಕೆಲಸ ತಲೆಯಲ್ಲಿ ಉಳಿಯುವುದಿಲ್ಲ. ಘಟನೆ ನಡೆದ ವಾರದ ಸೋಮವಾರ ಹಾಕಿದ್ದು ಅವನಿಗೆ ನೆನಪಾಗಲಿಲ್ಲ. ಹಾಕಿಲ್ಲ ಎಂದೇ ಬರೆದು ಸಹಿ ಮಾಡಿದ. ಕೆಲಸದಿಂದ ತೆಗೆದರು.

ಗುರಿಕಾರ ಅವನ ಅಕ್ಕನ ಗಂಡ. ಭಾನುವಾರ ಅಕ್ಕ, ಭಾವ ಇಬ್ಬರೂ ಅವನ ಮನೆಗೆ ಬಂದರು.

"ನಿನ್ನ ತಲೆಗೇ ಒಂದು ಬ್ಯಾಟರಿ ಹಾಕ್ಕೋಬೇಕಿತ್ತು ಕಣೋ," ಎಂದಳು ಅಕ್ಕ. "ಇವ್ರು ಅವತ್ತಿಂದ ನೆಟ್ಟಗೆ ಒಂದು ತುತ್ತು ತಿಂದಿಲ್ಲ."

ಭಾವ ಬಾಗಿಲ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತಿದ್ದ.

"ಬೈದುಬಿಡಿ ಭಾವ. ಸುಮ್ನೆ ಮಾತ್ರ ಕೂರ್ಬೇಡಿ."

"ಬೈಯೋಕೆ ನಾನ್ಯಾರು."

"ನಿಮ್ಮ ಕೈ ಕಟ್ಟಿಹಾಕಿದ್ದು ನಾನು. ಆ ಹುಡುಗೀನ ಕೊಂದಿದ್ದೂ ನಾನೇ."

ಭಾವ ನೆಲ ನೋಡುತ್ತಲೇ ಕೇಳಿದ: "ಹಾಕಿರ್ಲಿಲ್ಲ ಅಂತ ನಿಂಗೆ ಖಂಡಿತ ಗೊತ್ತಾ?"

"ಹಾಕಿದ್ರೆ ನೆನಪಿರ್ತಿರ್ಲಿಲ್ವಾ?"

ಭಾವ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅಡ್ಡ ಬಂದಳು. "ತಪ್ಪು ಮಾಡ್ದೋನೇ ಒಪ್ಕೊಂಡಿದಾನೆ. ನೀವ್ಯಾಕ್ರೀ ಕೊರಗ್ತೀರಿ?"

ಭಾವ ಮೈದುನನ ಹೆಗಲು ತಟ್ಟಿ ಎದ್ದ.

ಹುಡುಗಿ ಸತ್ತ ಆ ಮಧ್ಯಾಹ್ನ ಮಾಳಿಗೆಯ ಮೇಲೆ ಸ್ಕೋಪಿನ ಚುಕ್ಕೆ ಕೆಂಡದ ಹಾಗೆ ಹೊತ್ತಿತ್ತು. ಸ್ಕೋಪನ್ನು ಎಂಟು ಪಟ್ಟು ದೊಡ್ಡದಾಗಿ ಕಾಣುವಂತೆ ತಿರುಗಿಸಿದಾಗ ಚಾಕು ಹಿಡಿದವನ ಮುಖ ಕೈಗೆ ಸಿಗುವಷ್ಟು ಹತ್ತಿರ ಬಂತು. ಅವನು ಅಳುತ್ತಿದ್ದ. ಗುರಿಕಾರನ ಬೆರಳು ಮಡಚಲಿಲ್ಲ. ಬ್ಯಾಟರಿಯನ್ನು ಅವನೇ ತೆಗೆದು ಮೋರಿಗೆ ಎಸೆದದ್ದು ಮಾಳಿಗೆಯಿಂದ ಇಳಿದ ಮೇಲೆ.

ಹೋದದ್ದು ಒಂದು ಜೀವ, ಒಂದು ನೌಕರಿ.