ಬೀಗ ಬಿದ್ದ ಚಾನೆಲ್

ಬುಧವಾರ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಮರ್ಲ್ ಹಾಫ್‌ಸ್ಟೆಟರನ ಅಡುಗೆಮನೆಯಲ್ಲಿದ್ದ ಸ್ಕ್ಯಾನರ್ ರೇಡಿಯೊ ಸುಮ್ಮನಾಯಿತು. ಕೆಟ್ಟಿರಲಿಲ್ಲ. ಕೌಂಟಿಯ ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸಿನವರು ವೈರ್‌ಲೆಸ್ಸಿನಲ್ಲಿ ಆಡುವ ಮಾತು ಇನ್ನು ಮೇಲೆ ಹೊರಗಿನವರಿಗೆ ಕೇಳಿಸದಂತೆ ಚಾನೆಲ್ಲಿಗೆ ಬೀಗ ಹಾಕಿದ್ದರು. ಯಾರಾದರೂ ಮಾತಾಡಿದಾಗ ಡಬ್ಬಿಯ ಮೇಲಿನ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು, ಅಷ್ಟೆ. ದನಿ ಇಲ್ಲ.

"ಮುಗೀತು," ಎಂದ ಎದುರಿಗೆ ಕೂತಿದ್ದ ಗಸ್ ಪವ್ಲಿಕ್. ಇಬ್ಬರಿಗೂ ಮೂವತ್ತು ವರ್ಷದಿಂದ ಇದನ್ನು ಕೇಳುವುದೇ ಹವ್ಯಾಸ. "ಸೇತುವೆ ಹತ್ರ ಲಾರಿ ಮಗುಚಿದ್ರೆ, ಎಲ್ಲಾದ್ರೂ ಗ್ಯಾಸ್ ಸೋರಿದ್ರೆ, ಊರಿಗೆ ಮೊದಲು ಹೇಳ್ತಿದ್ದೋರು ನಾವು. ಈಗ ನಾವೇ ಕಳ್ಳರು."

"ಕಳ್ಳರೂ ಕೇಳ್ತಿದ್ರಲ್ಲ ಗಸ್. ಪೊಲೀಸರು ಎಲ್ಲಿದ್ದಾರೆ ಅಂತ ತಿಳ್ಕೊಂಡೇ ನುಗ್ತಿದ್ರು. ಯಾರ ಮನೇಲಿ ಯಾರಿಗೆ ಏನು ಕಾಯಿಲೆ ಅನ್ನೋದೂ ನಮಗೆಲ್ಲ ಗೊತ್ತಾಗ್ತಿತ್ತು. ಅದೇನು ಸರೀನಾ?"

"ನೀನು ಯಾರ ಕಡೆ ಮಾರಾಯ?"

ಮರ್ಲ್ ಕೇಳುತ್ತಿದ್ದದ್ದು ಅಪಘಾತವನ್ನೂ ಅಲ್ಲ, ಬೆಂಕಿಯನ್ನೂ ಅಲ್ಲ. ಅವನ ಮಗಳು ಡೀನಾ ಕೌಂಟಿಯ ಕಂಟ್ರೋಲ್ ರೂಮಿನಲ್ಲಿದ್ದಳು. ಜನರ ಕರೆ ಎತ್ತಿಕೊಂಡು, ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ವೈರ್‌ಲೆಸ್ಸಿನಲ್ಲಿ ಹೇಳುವ ಕೆಲಸ. ಹೆಂಡತಿ ಜಾಯ್ಸ್ ಕೊನೆಯ ಸಲ ಆಸ್ಪತ್ರೆ ಸೇರಿದಾಗ 'ಮಗಳಿಗೆ ಈಗಲೇ ಹೇಳಬೇಡ' ಎಂದಿದ್ದಳು. ಮರ್ಲ್ ಹೇಳಲಿಲ್ಲ. ಡೀನಾ ಬರುವಷ್ಟರಲ್ಲಿ ತಾಯಿಗೆ ಮಾತು ನಿಂತುಹೋಗಿತ್ತು. ಅದಾಗಿ ಆರು ವರ್ಷ. ಮಗಳು ಅವನೊಡನೆ ಒಂದು ಮಾತೂ ಆಡಿಲ್ಲ. ಆದರೆ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಹತ್ತು ಗಂಟೆ, ಅವಳ ದನಿ ಈ ಅಡುಗೆಮನೆಯಲ್ಲಿ ಓಡಾಡಿಕೊಂಡಿತ್ತು. ಅವಳಿಗೆ ಶೀತವಾದದ್ದು, ನಿದ್ದೆ ಕೆಟ್ಟದ್ದು, ಹೊಳೆಗೆ ಮಗು ಬಿದ್ದ ದಿನ ಆ ದನಿ ಒಂದಿಷ್ಟೂ ನಡುಗದೆ ಇದ್ದದ್ದು, ಎಲ್ಲ ಅವನಿಗೆ ಗೊತ್ತು. ಅವಳು ಊಟಕ್ಕೆ ಎದ್ದಾಗಲೇ ಇವನೂ ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದ.

ಗಸ್‌ಗೂ ಇದು ಗೊತ್ತಿತ್ತು. "ಫೋನ್ ಮಾಡು," ಎಂದ. "ತುರ್ತು ನಂಬರಿನ ಮೂರು ಅಂಕಿ ಒತ್ತಿದ್ರೆ ಅವಳೇ ಎತ್ತುತ್ತಾಳೆ."

"ಏನಂತ ಹೇಳ್ಲಿ? ಎದೆನೋವು ಅಂತಲಾ? ಆ ಹೊತ್ತಲ್ಲಿ ನಿಜವಾಗ್ಲೂ ಎದೆನೋವು ಬಂದವನು ಯಾರಿಗೆ ಮಾಡ್ಬೇಕು?"

"ಹಾಗಾದ್ರೆ ದೀಪ ನೋಡ್ಕೊಂಡು ಕೂತಿರು," ಎಂದು ಗಸ್ ಟೋಪಿ ಹಾಕಿಕೊಂಡು ಹೊರಟ.

ಮರ್ಲ್ ಹಾಗೆಯೇ ಕೂತ. ದೀಪ ಹೊತ್ತಿದರೆ ಮಾತಾಡಿದ್ದು ಅವಳೋ, ಬೇರೆ ಯಾರೋ ತಿಳಿಯುತ್ತಿರಲಿಲ್ಲ. ಒಂದು ವಾರ ನೋಡಿ ಪ್ಲಗ್ ಕಿತ್ತ. ಆಮೇಲೆ ಮನೆಯಲ್ಲಿ ಕೂರಲಾಗದೆ ಊಟವಾದ ಮೇಲೆ ತನ್ನ ಪಿಕಪ್ ಟ್ರಕ್ ಹತ್ತಿ ಎಲ್ಲಿಗೆಂದಿಲ್ಲದೆ ಸುತ್ತತೊಡಗಿದ.

ಬೀಗ ಬಿದ್ದ ಮೇಲಿನ ಮೂರನೆಯ ಶುಕ್ರವಾರ ಮಧ್ಯಾಹ್ನ, ಕಲ್ಲುಕ್ವಾರಿ ರಸ್ತೆಯ ತಿರುವಿನಲ್ಲಿ ಯಾವುದೋ ಗಾಡಿಗೆ ಸಿಕ್ಕಿ ಸತ್ತ ಜಿಂಕೆಯೊಂದು ಬಿದ್ದಿತ್ತು. ಆಚೆಯಿಂದ ಬಂದ ಕಾರು ಕೊನೆಯ ಗಳಿಗೆಯಲ್ಲಿ ಅದನ್ನು ತಪ್ಪಿಸಿ, ಓಲಾಡಿಕೊಂಡು ಮುಂದೆ ಹೋಯಿತು. ಮರ್ಲ್ ಇಳಿದು ಎಳೆದು ನೋಡಿದ. ದೊಡ್ಡ ಗಂಡು ಜಿಂಕೆ, ಮರ್ಲ್‌ನ ಸೊಂಟ ಒಪ್ಪಲಿಲ್ಲ. ಟ್ರಕ್ಕನ್ನು ಜಿಂಕೆಯ ಹಿಂದೆ ತಂದು ನಿಲ್ಲಿಸಿ, ಮಿಣುಕು ದೀಪ ಹಾಕಿ, ಒಳಗೆ ಕೂತು ಸುಧಾರಿಸಿಕೊಂಡ. ತುರ್ತಲ್ಲದ ಕರೆಗಳಿಗೆ ಕೌಂಟಿಯದು ಬೇರೆ ನಂಬರಿದೆ. ಅದನ್ನು ಒತ್ತಿದ. ಹಗಲು ಪಾಳಿಯಲ್ಲಿ ಇಬ್ಬರಿರುತ್ತಾರೆ. ಯಾರು ಬೇಕಾದರೂ ಎತ್ತಬಹುದು.

"ಕೌಂಟಿ ಕಂಟ್ರೋಲ್ ರೂಮ್, ಹೇಳಿ."

ಡೀನಾಳೇ.

"ಕ್ವಾರಿ ರಸ್ತೆ, ಹಳೇ ಸುಣ್ಣದ ಗೂಡಿನ ತಿರುವು. ಜಿಂಕೆ ಸತ್ತು ಬಿದ್ದಿದೆ. ಬರೋ ಗಾಡಿಗಳಿಗೆ ಕಾಣಲ್ಲ."

"ಯಾರಿಗಾದ್ರೂ ಪೆಟ್ಟಾಗಿದ್ಯಾ?"

"ಇಲ್ಲ."

"ನೀವು ರಸ್ತೇಲಿ ನಿಂತಿದ್ದೀರಾ?"

"ಟ್ರಕ್ಕಲ್ಲಿ ಕೂತಿದ್ದೀನಿ. ಮಿಣುಕು ದೀಪ ಹಾಕಿದ್ದೀನಿ."

"ನಿಮ್ಮ ಹೆಸರು?"

"ಮರ್ಲ್ ಹಾಫ್‌ಸ್ಟೆಟರ್."

ಅತ್ತ ಕೀಲಿಮಣೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಆ ಹೆಸರನ್ನು ಯಾರೇ ಆದರೂ ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಬರೆದುಕೊಳ್ಳುತ್ತಾರೆ. ಅವಳು ಕೇಳಲಿಲ್ಲ.

"ರಸ್ತೆ ಇಲಾಖೆಯವರಿಗೆ ಹೇಳಿದ್ದೀನಿ. ನಲವತ್ತು ನಿಮಿಷ ಆಗ್ಬಹುದು." ದನಿ ಬಹಳ ದಣಿದಿತ್ತು. ಪಾಳಿಯ ದಣಿವೋ, ಬೇರೆಯದೋ, ಎರಡು ವಾರ ಕೇಳದೆ ಇದ್ದವನಿಗೆ ಗುರುತು ಸಿಗಲಿಲ್ಲ.

"ಆಗ್ಲಿ. ಇಲ್ಲೇ ಇರ್ತೀನಿ."

ಕರೆ ಅಲ್ಲಿಗೆ ಮುಗಿಯಬೇಕು. ಎದೆನೋವಿನವರನ್ನು, ಮನೆಗೆ ಬೆಂಕಿ ಬಿದ್ದವರನ್ನು ಫೋನಿನಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ. ಸತ್ತ ಜಿಂಕೆಗಾಗಿ ಯಾರನ್ನೂ ಇರಿಸಿಕೊಳ್ಳುವುದಿಲ್ಲ. ಆ ರೂಮಿನ ರೀತಿನೀತಿ ಮರ್ಲ್‌ಗೆ ಚೆನ್ನಾಗಿ ಗೊತ್ತು. ಅವನು ಫೋನನ್ನು ಕಿವಿಯಿಂದ ತೆಗೆಯುವುದರಲ್ಲಿದ್ದ.

"ಅವರು ಬರೋವರೆಗೂ ಲೈನ್ ಕಟ್ ಮಾಡ್ಬೇಡಿ," ಎಂದಳು ಡೀನಾ.