ಆರು ಸ್ಕ್ರೂಗಳ ಟವೆಲ್ ಕಂಬಿ

ಹೊಸ ಬಣ್ಣ ಕಂಡ ಬಚ್ಚಲುಮನೆಯೊಳಗೆ ಮಾವ ಕಾಲಿಟ್ಟಾಗ ಸೊಸೆ ಬಾಗಿಲಾಚೆ ಉಸಿರು ಬಿಗಿಹಿಡಿದು ನಿಂತಳು. ಹೋದ ತಿಂಗಳು ಮಾವ ಅಲ್ಲೇ ಜಾರಿ ಬಿದ್ದಿದ್ದರೂ, ಹಿಡಿದುಕೊಳ್ಳೋಕೆ ಒಂದು ಕಂಬಿ ಹಾಕಿಸೋಣ ಅಂದರೆ ಸಾಕು, ಅವರಿಗೆ ಮೂಗಿನ ತುದಿಯಲ್ಲೇ ಕೋಪ: "ನಾನೇನು ಮೂಲೆಗೆ ಬಿದ್ದಿದೀನಾ?" ಅದಕ್ಕೇ ಅವಳು ಅಡುಗೆಮನೆಗೆ ಬಳಿದು ಮಿಕ್ಕಿದ್ದ ಹಳದಿ ಬಣ್ಣವನ್ನು ಇಲ್ಲಿಗೆ ತಾನೇ ಬಳಿದು, ಸೋರುವ ನಲ್ಲಿ ಬದಲಿಸಿ, ಅದೇ ನೆಪದಲ್ಲಿ ಗೋಡೆಗೊಂದು ದಪ್ಪ ಸ್ಟೀಲ್ ಕಂಬಿ ಕೂರಿಸಿ, ಮೇಲೊಂದು ಟವೆಲ್ ಹೊದಿಸಿದ್ದಳು.

"ಇದೇನಮ್ಮಾ ಇದು?" ಒಳಗಿಂದ ಮಾವನ ದನಿ ಬಂತು.

"ಟವೆಲ್ ಕಂಬಿ, ಮಾವ."

"ಒಂದು ಟವೆಲ್ಲಿಗೆ ಆರು ಸ್ಕ್ರೂನಾ?"

ಅವಳು ನಾಲಿಗೆ ಕಚ್ಚಿಕೊಂಡಳು. "ಒದ್ದೆ ಟವೆಲ್ ಭಾರ ಇರುತ್ತಲ್ಲ, ಮಾವ!"

ಮಾವ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಯಾವ ಸ್ಕ್ರೂ ಎಷ್ಟು ಭಾರ ತಡೆಯುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಳಗೆ ಕಂಬಿಯನ್ನು ಎರಡು ಸಲ ಜಗ್ಗಿ ನೋಡಿದ ಸದ್ದಾಯಿತು. ಆಮೇಲೆ ನೀರು ಸುರಿಯಿತು.

ಸ್ನಾನ ಮುಗಿಸಿ ಬಂದವರು ತಲೆ ಒರೆಸಿಕೊಳ್ಳುತ್ತಾ, ಅವಳ ಮುಖ ನೋಡದೆ ಅಂದರು:

"ಕಮೋಡ್ ಪಕ್ಕದಲ್ಲೂ ಇಂಥದ್ದೇ ಒಂದು ಹಾಕಮ್ಮಾ. ನನ್ನ ಹತ್ರ ಟವೆಲ್ ಎರಡಿದೆ."